ಯಾರೂ ಇಡದ ಹೆಸರು ಅಂತ ಒಂದಿಲ್ಲ

ಭಾಗ 1/8 • ತಕರಾರು ಏನು?

ಮ್ಯಾಕ್ರೋ ಬರೆಯೋವಾಗ ಒಳಗಡೆ ಒಂದು ತಾತ್ಕಾಲಿಕ ಹೆಸರು ಬೇಕಾಯ್ತು ಅನ್ಕೊಳ್ಳಿ. ನಮ್ಮಲ್ಲಿ ಬಹಳ ಜನ ಏನ್ ಮಾಡ್ತಾರೆ? ಮುಂದೆ ಎರಡು ಅಂಡರ್‌ಸ್ಕೋರ್, ಮಧ್ಯೆ ಟೆಂಪ್, ಕೊನೆಗೆ 123. "ಈ ಹೆಸರನ್ನ ಇನ್ಯಾರು ಇಡ್ತಾರೆ ಬಿಡು" ಅಂತ ಮುಂದೆ ಹೋಗ್ತಾರೆ. ಈ ಸರಣಿಯಲ್ಲಿ ನಾನು ಹೇಳೋದು ಒಂದೇ ಮಾತು: ಅದು ಸುರಕ್ಷತೆ ಅಲ್ಲ, ಅದೃಷ್ಟ. ಆ ಅದೃಷ್ಟ ಕೈಕೊಟ್ಟ ದಿನ ಪೆಟ್ಟು ಬೀಳೋದು ಮ್ಯಾಕ್ರೋ ಬರೆದವರಿಗಲ್ಲ, ಅದನ್ನ ನಂಬಿ ಬಳಸಿದವರಿಗೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.

ಉದಾಹರಣೆಗಳೆಲ್ಲ ಕ್ಲೋಜರ್‌ನಲ್ಲಿ. ಲಿಸ್ಪ್ ಮನೆತನದ ಭಾಷೆ, ರಿಚ್ ಹಿಕ್ಕಿ 2007ರಲ್ಲಿ ಹೊರಗೆ ಬಿಟ್ಟದ್ದು, ಜಾವಾ ವರ್ಚುವಲ್ ಮೆಷಿನ್ ಮೇಲೆ ಓಡುತ್ತೆ. ಕೋಡನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಡ್ತಿದೀನಿ. ಮನೇಲಿ ಟ್ರೈ ಮಾಡೋವಾಗ ಲೆಟ್, ಇಫ್, ಆರ್ ಇವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ಕೊಳ್ಳಿ.

ಮೊದಲು ಒಂದು ವ್ಯತ್ಯಾಸ. ಫಂಕ್ಷನ್‌ಗೆ ಸಿಗೋದು ಬೆಲೆ. ಮ್ಯಾಕ್ರೋಗೆ ಸಿಗೋದು ಕೋಡು. ನೀವು ಆವರಣದೊಳಗೆ ಬರೆದದ್ದು ಇನ್ನೂ ಲೆಕ್ಕ ಆಗದೆ, ಇದ್ದ ಹಾಗೇ, ಒಂದು ಪಟ್ಟಿಯಾಗಿ ಮ್ಯಾಕ್ರೋ ಕೈಗೆ ಹೋಗುತ್ತೆ. ಮ್ಯಾಕ್ರೋ ಅದನ್ನ ಕತ್ತರಿಸಿ, ಜೋಡಿಸಿ, ಬೇರೆ ಕೋಡಾಗಿ ವಾಪಸ್ ಕೊಡುತ್ತೆ. ಕಂಪೈಲರ್ ಆಮೇಲೆ ನೋಡೋದು ಆ ಹೊಸ ಕೋಡನ್ನ. ಅಂದ್ರೆ ಮ್ಯಾಕ್ರೋ ಬರೆಯೋರು ಬೇರೆಯವರ ಮನೆಯೊಳಗೆ ಹೋಗಿ ಪೀಠೋಪಕರಣ ಜರುಗಿಸಿ ಬರ್ತಾರೆ. ಮನೆಯವರು ಆ ಹೊತ್ತಲ್ಲಿ ಮನೇಲಿರಲ್ಲ.

ಲಿಸ್ಪ್‌ಗೆ ಮ್ಯಾಕ್ರೋ ಬಂದದ್ದು 1963ರಲ್ಲಿ, ತಿಮೋತಿ ಹಾರ್ಟ್ ಬರೆದ ಒಂದು ಪುಟ್ಟ ಟಿಪ್ಪಣಿಯಿಂದ. ಹೆಸರಿನ ಜಗಳ ಅವತ್ತಿಂದಲೂ ಇದೆ. ಮುಂದಿನ ಪೋಸ್ಟಲ್ಲಿ ಆ ಜಗಳ ಕಣ್ಣಾರೆ ನೋಡೋಣ.

ಭಾಗ 2/8 • 250 ರೂಪಾಯಿ ಎಲ್ಲಿ ಹೋಯ್ತು?

ಕ್ಲೋಜರ್‌ನಲ್ಲಿ "ಆರ್" ಅನ್ನೋದೇ ಒಂದು ಮ್ಯಾಕ್ರೋ. ಮೊದಲನೇದು ನಿಜ ಆದ್ರೆ ಅದನ್ನೇ ಕೊಡು, ಇಲ್ಲಾಂದ್ರೆ ಎರಡನೇದನ್ನ ಕೊಡು. ಇದನ್ನೇ ನಾವು ಬರೆಯೋಣ. ಹೆಸರು: ನನ್ನ-ಆರ್.

ಮೊದಲ ಯೋಚನೆ ಹೀಗೆ ಬರುತ್ತೆ:

(ಇಫ್ ಅ ಅ ಬ)

ತೊಂದರೆ ಏನು ಅಂದ್ರೆ ಇಲ್ಲಿ "ಅ" ಎರಡು ಸಲ ಇದೆ. "ಅ" ಜಾಗದಲ್ಲಿ ಬರೀ ಒಂದು ಹೆಸರಿದ್ರೆ ಪರವಾಗಿಲ್ಲ. ಹಣ ಕಳಿಸೋ ಫಂಕ್ಷನ್ ಕರೆದಿದ್ರೆ? ಕೋಡು ಎರಡು ಸಲ ಓಡುತ್ತೆ, ಹಣ ಎರಡು ಸಲ ಹೋಗುತ್ತೆ. ಅದಕ್ಕೇ ಒಂದ್ಸಲ ಲೆಕ್ಕ ಮಾಡಿ ಒಂದು ಹೆಸರಲ್ಲಿ ಇಟ್ಕೋಬೇಕು:

(ಲೆಟ್ [ಬೆಲೆ ಅ] (ಇಫ್ ಬೆಲೆ ಬೆಲೆ ಬ))

ಟೆಸ್ಟ್ ಮಾಡಿದ್ರೆ ಚೆನ್ನಾಗೇ ನಡೆಯುತ್ತೆ. ಈಗ ಬೇರೆ ಯಾರೋ ಇದನ್ನ ತಮ್ಮ ಅಂಗಡಿ ಲೆಕ್ಕದ ಕೋಡಲ್ಲಿ ಬಳಸ್ತಾರೆ. ಅವರ ಹತ್ರ ಎರಡು ಹೆಸರಿವೆ. ರಿಯಾಯಿತಿ-ದರ ಈಗ ನಿಲ್, ಅಂದ್ರೆ ಖಾಲಿ. ಬೆಲೆ 250. ಅವರು ಬರೆಯೋದು:

(ನನ್ನ-ಆರ್ ರಿಯಾಯಿತಿ-ದರ ಬೆಲೆ)

ರಿಯಾಯಿತಿ ಇಲ್ಲಾಂದ್ರೆ ಮಾಮೂಲಿ ಬೆಲೆ ಕೊಡು ಅಂತ. ತುಂಬಾ ನ್ಯಾಯವಾದ ಕೋರಿಕೆ. ಕಂಪೈಲರ್‌ಗೆ ಹೋಗೋದು ಮಾತ್ರ ಇದು:

(ಲೆಟ್ [ಬೆಲೆ ರಿಯಾಯಿತಿ-ದರ] (ಇಫ್ ಬೆಲೆ ಬೆಲೆ ಬೆಲೆ))

ಮೂರು "ಬೆಲೆ" ನೋಡಿದ್ರಾ? ಕೊನೇದು ಅಂಗಡಿಯವರದ್ದು. ಆದ್ರೆ ಅದು ಮ್ಯಾಕ್ರೋ ಕಟ್ಟಿದ ಬೇಲಿಯೊಳಗೆ ಸಿಕ್ಕಿಹಾಕ್ಕೊಂಡಿದೆ. 250 ಬರಬೇಕಾದ ಕಡೆ ನಿಲ್ ಬರುತ್ತೆ.

ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಅಂಗಡಿಯವರು ತಮ್ಮ ಸಾಲನ್ನ ನೂರು ಸಲ ಓದಿದ್ರೂ ತಪ್ಪು ಕಾಣಲ್ಲ, ಯಾಕಂದ್ರೆ ತಪ್ಪು ಅವರ ಸಾಲಲ್ಲಿ ಇಲ್ಲ. ಇದಕ್ಕೆ ವೇರಿಯಬಲ್ ಕ್ಯಾಪ್ಚರ್ ಅಂತಾರೆ, ಹೆಸರು ಹಿಡಿದುಹಾಕೋದು. ಹೀಗಾಗದ ಹಾಗೆ ನೋಡ್ಕೊಳ್ಳೋದಕ್ಕೆ ಹೈಜೀನ್, ನಮ್ಮ ಮಾತಲ್ಲಿ ಶುಚಿ.

ಭಾಗ 3/8 • ವಿಚಿತ್ರ ಹೆಸರಿನ ಮದ್ದು

"ಸರಿ, ಬೆಲೆ ಬದಲು ಯಾರಿಗೂ ಹೊಳೆಯದ ಹೆಸರಿಟ್ಟರಾಯ್ತು." ಕಾಮೆಂಟಲ್ಲಿ ಇದು ಬಂದೇ ಬರುತ್ತೆ, ಹಾಗಾಗಿ ಈಗಲೇ ಉತ್ತರ ಕೊಡ್ತೀನಿ.

ಇದು ಲಿಸ್ಪ್‌ನವರ ಕಾಯಿಲೆ ಮಾತ್ರ ಅಲ್ಲ. ಸಿ ಕಲಿಯೋವಾಗ ಡಿಫೈನ್ ಹಾಕಿ ಸ್ವಾಪ್ ಮ್ಯಾಕ್ರೋ ಬರೆದಿರ್ತೀರಲ್ಲ: ಟೆಂಪ್‌ಗೆ ಅ, ಅ-ಗೆ ಬ, ಬ-ಗೆ ಟೆಂಪ್. ಅದಕ್ಕೆ ಟೆಂಪ್ ಅನ್ನೋ ಹೆಸರಿನ ವೇರಿಯಬಲ್ಲನ್ನೇ ಕೊಟ್ಟು ನೋಡಿ. ಒಳಗಿನ ಟೆಂಪ್ ತನಗೆ ತಾನೇ ಬೆಲೆ ಹಾಕ್ಕೊಳ್ಳೋಕೆ ಹೋಗುತ್ತೆ, ಹೊರಗಿನ ಟೆಂಪ್ ಇದ್ದಲ್ಲೇ ಇರುತ್ತೆ. ಅದಲುಬದಲು ಆಗೋದೇ ಇಲ್ಲ. ಲಿನಕ್ಸ್ ಕರ್ನಲ್‌ನ ಸ್ವಾಪ್ ಮ್ಯಾಕ್ರೋ ಬಹಳ ಕಾಲದಿಂದ ಎರಡು ಅಂಡರ್‌ಸ್ಕೋರ್ ಹಾಕಿದ ಟೆಂಪ್ ಮೇಲೇ ನಿಂತಿದೆ. ಅದೇ ಕರ್ನಲ್‌ನಲ್ಲಿ ಮಿನ್, ಮ್ಯಾಕ್ಸ್ ಮ್ಯಾಕ್ರೋಗಳಿಗೆ ಅಷ್ಟು ಸಾಲದೆ, ಪ್ರತಿ ಸಲವೂ ಹೊಸ ಹೆಸರು ಹುಟ್ಟಿಸೋ ಏರ್ಪಾಡು ಮಾಡಿದ್ದಾರೆ. ವಿಚಿತ್ರ ಹೆಸರು ಒಂದು ಒಪ್ಪಂದ ಅಷ್ಟೇ. ಒಪ್ಪಂದ ಗೊತ್ತಿರೋರೆಲ್ಲ ಪಾಲಿಸೋವರೆಗೆ ನಡೆಯುತ್ತೆ.

ಇನ್ನೊಂದು ಜಾಣತನವೂ ಇದೆ. ಕ್ಲೋಜರ್ ರೀಡರ್ ಕನ್ನಡ ಅಕ್ಷರದ ಹೆಸರುಗಳನ್ನೂ ನುಂಗಿಕೊಳ್ಳುತ್ತೆ. ಒಳಗಿನ ಹೆಸರನ್ನ "ತಾತ್ಕಾಲಿಕ" ಅಂತ ಕನ್ನಡದಲ್ಲಿಟ್ಟರೆ ಬೇರೆ ದೇಶದವರ ಕೋಡಿಗೆ ಡಿಕ್ಕಿ ಹೊಡೆಯಲ್ಲ ಅಲ್ವಾ? ಕೇಳೋಕೆ ಖುಷಿ ಆಗುತ್ತೆ. ಆದ್ರೆ ಎರಡನೇ ಕನ್ನಡಿಗ ಅದೇ ಜಾಣತನ ತೋರಿಸೋವರೆಗೆ ಮಾತ್ರ. ಅದೂ ಬೇಡ, ನಿಮ್ಮ ಮ್ಯಾಕ್ರೋ ತನ್ನನ್ನೇ ತಾನು ಮತ್ತೆ ಕರೆದ್ರೆ ಡಿಕ್ಕಿ ಹೊಡೆಯೋಕೆ ಬೇರೆಯವರೇ ಬೇಕಿಲ್ಲ. ಎಷ್ಟೇ ವಿಚಿತ್ರ ಹೆಸರಿಟ್ಟರೂ ಎರಡನೇ ಸುತ್ತಲ್ಲೂ ಅದೇ ವಿಚಿತ್ರ ಹೆಸರು ಬರುತ್ತೆ. ಇದರ ಲೆಕ್ಕ ಭಾಗ 6ರಲ್ಲಿ ಇದೆ, ತಾಳ್ಮೆ ಇರಲಿ.

ಭಾಗ 4/8 • ಎಲ್ಲರೂ ಮರೆಯೋ ಇನ್ನೊಂದು ಅರ್ಧ

ಇಲ್ಲಿವರೆಗೆ ನೋಡಿದ್ದು ಮ್ಯಾಕ್ರೋದ ಹೆಸರು ಬಳಸೋರ ಹೆಸರನ್ನ ನುಂಗೋದು. ಉಲ್ಟಾನೂ ಆಗುತ್ತೆ. ಬಳಸೋರ ಹೆಸರು ಮ್ಯಾಕ್ರೋದ ಹೆಸರನ್ನ ನುಂಗಬಹುದು. ಜನ ಮಾತಾಡೋದೆಲ್ಲ ಮೊದಲನೇ ಅರ್ಧದ ಬಗ್ಗೆ.

ನಿಮ್ಮ ಮ್ಯಾಕ್ರೋ ಕೊಡೋ ಕೋಡಲ್ಲಿ ಕೌಂಟ್ ಅನ್ನೋ ಫಂಕ್ಷನ್ ಇದೆ ಅನ್ಕೊಳ್ಳಿ. ಪಟ್ಟಿಯಲ್ಲಿ ಎಷ್ಟಿದೆ ಅಂತ ಎಣಿಸೋಕೆ. ಬಳಸೋರು ಆ ಜಾಗದಲ್ಲಿ ಮೊದಲೇ ತಮ್ಮದೊಂದು ಕೌಂಟ್ ಇಟ್ಕೊಂಡಿದ್ದಾರೆ, ಬೆಲೆ 3. ಕೌಂಟ್, ನೇಮ್, ಲಿಸ್ಟ್ ಅಂತೆಲ್ಲ ಲೋಕಲ್ ಹೆಸರಿಡೋದು ಎಷ್ಟು ಮಾಮೂಲಿ ನಿಮಗೇ ಗೊತ್ತು. ನಿಮ್ಮ ಕೌಂಟ್ ಹೋಗಿ ಅವರ 3ರ ಮೇಲೆ ಬೀಳುತ್ತೆ. 3 ಫಂಕ್ಷನ್ ಅಲ್ಲ, ಅದನ್ನ ಕರೆಯೋಕಾಗಲ್ಲ ಅಂತ ಎರರ್. ಇಲ್ಲಿ ಕಡೇಪಕ್ಷ ಸದ್ದು ಬಂತು. ಆ ಲೋಕಲ್ ಹೆಸರಲ್ಲೂ ಒಂದು ಫಂಕ್ಷನ್ನೇ ಇದ್ದಿದ್ರೆ ಸದ್ದೂ ಬರ್ತಿರಲಿಲ್ಲ.

ಇಲ್ಲಿ ಜೆನ್‌ಸಿಮ್ ಉಪಯೋಗಕ್ಕೆ ಬರಲ್ಲ. ಹೊಸ ಹೆಸರು ಬೇಕಾಗಿಲ್ಲ, ಹಳೇ ಹೆಸರಿಗೇ ವಿಳಾಸ ಬೇಕು.

ನಮ್ಮ ಊರುಗಳಲ್ಲಿ ಇದಕ್ಕೆ ಪರಿಹಾರ ಹಳೇದು. ಪುಟ್ಟಪ್ಪ ಅನ್ನೋರು ಎಷ್ಟೋ ಜನ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅಂದ್ರೆ ಕುವೆಂಪು ಒಬ್ಬರೇ. ಊರು, ತಂದೆ, ಆಮೇಲೆ ಹೆಸರು. ಹಾಜರಿ ಪುಸ್ತಕದಲ್ಲಿ ಇಬ್ಬರು ಮಂಜುನಾಥ್ ಇದ್ರೆ ಕಾಪಾಡೋದು ಇನಿಷಿಯಲ್ಲೇ ತಾನೇ?

ಕ್ಲೋಜರ್‌ನ ಬ್ಯಾಕ್‌ಟಿಕ್ ಮಾಡೋದು ಇದೇ ಕೆಲಸ. ಕೋಡಿನ ಮುಂದೆ ` ಹಾಕಿದ್ರೆ ಒಳಗಿನ ಪ್ರತಿ ಹೆಸರಿಗೂ ಅದರ ನೇಮ್‌ಸ್ಪೇಸ್ ಸೇರ್ಕೊಳ್ಳುತ್ತೆ. ಕೌಂಟ್ ಅಂತ ಬರೆದದ್ದು ಕ್ಲೋಜರ್.ಕೋರ್/ಕೌಂಟ್ ಆಗುತ್ತೆ. ಇಫ್ ಥರದ ಮೂಲ ರೂಪಗಳನ್ನ ಮಾತ್ರ ಹಾಗೇ ಬಿಡುತ್ತೆ. ಬಳಸೋರು ತಮ್ಮ ಜಾಗದಲ್ಲಿ ಏನೇ ಕೌಂಟ್ ಇಟ್ಕೊಂಡಿರಲಿ, ವಿಳಾಸ ಬರೆದ ಕಾಗದ ಸರಿಯಾದ ಮನೆಗೇ ಹೋಗುತ್ತೆ.

ಭಾಗ 5/8 • ಬೇರೆ ಬೇರೆ ಮನೆ, ಬೇರೆ ಬೇರೆ ರೂಢಿ

ಒಂದೇ ಕಾಯಿಲೆಗೆ ಯಾರ್ಯಾರು ಯಾವ ಮದ್ದು ಮಾಡಿದ್ರು ನೋಡೋಣ.

ಕಾಮನ್ ಲಿಸ್ಪ್: ಜೆನ್‌ಸಿಮ್ ಅನ್ನೋ ಫಂಕ್ಷನ್ ಕರೆದ್ರೆ ಯಾವ ಪ್ಯಾಕೇಜಿಗೂ ಸೇರದ ಹೊಸ ಸಿಂಬಲ್ ಸಿಗುತ್ತೆ. ಅದೇ ಅಕ್ಷರಗಳನ್ನ ನೀವು ಕೈಯಾರೆ ಟೈಪ್ ಮಾಡಿದ್ರೂ ಅದು ಬೇರೆ, ಇದು ಬೇರೆ. ಫಂಕ್ಷನ್ ಹೆಸರು, ವೇರಿಯಬಲ್ ಹೆಸರು ಅಲ್ಲಿ ಬೇರೆ ಬೇರೆ ಕೋಣೆಯಲ್ಲಿರೋದ್ರಿಂದ ಭಾಗ 4ರ ಗಲಾಟೆ ಕಮ್ಮಿ. ಆದ್ರೆ ಜೆನ್‌ಸಿಮ್ ಕರೆಯೋದು ನಿಮ್ಮ ಜವಾಬ್ದಾರಿ. ಮರೆತ್ರೆ ಯಾರೂ ನೆನಪಿಸಲ್ಲ.

ಸ್ಕೀಮ್: 1986ರಲ್ಲಿ ಕೋಲ್‌ಬೆಕರ್, ಫ್ರೀಡ್‌ಮನ್, ಫೆಲೈಸನ್, ಡೂಬಾ ನಾಲ್ಕು ಜನ ಸೇರಿ ಹೈಜೀನಿಕ್ ಮ್ಯಾಕ್ರೋ ವಿಸ್ತರಣೆ ಬಗ್ಗೆ ಪ್ರಬಂಧ ಬರೆದ್ರು. ಸಾರಾಂಶ: ಮ್ಯಾಕ್ರೋ ಒಂದು ಸುತ್ತಲ್ಲಿ ಹುಟ್ಟಿಸಿದ ಹೆಸರು ಅದೇ ಸುತ್ತಲ್ಲಿ ಹುಟ್ಟಿದ ಹೆಸರನ್ನ ಮಾತ್ರ ಕಟ್ಟಬೇಕು. ಇದನ್ನ ಕಾಯೋಕೆ ಪ್ರತಿ ಸುತ್ತಿನ ಹೆಸರಿಗೂ ಟೈಮ್‌ಸ್ಟ್ಯಾಂಪ್ ಒತ್ತಿದ್ರು. ಈ ಸಾಲು ನೆನಪಿಟ್ಕೊಳ್ಳಿ, ಮುಂದಿನ ಪೋಸ್ಟಿಗೆ ಬೇಕು. 1998ರ ಸ್ಕೀಮ್ ವರದಿಯ ಮುಖ್ಯ ಭಾಗದಲ್ಲೇ ಸಿಂಟ್ಯಾಕ್ಸ್-ರೂಲ್ಸ್ ಬಂತು. ಅಲ್ಲಿ ಶುಚಿ ತಾನಾಗೇ ಆಗುತ್ತೆ, ಬರೆಯೋರು ಏನೂ ಮಾಡಬೇಕಿಲ್ಲ.

ಎಲಿಕ್ಸರ್: ಇಲ್ಲೂ ಮಾಮೂಲಿಯಾಗಿ ಶುಚಿಯೇ. ಬೇಕಂತಲೇ ಬಳಸೋರ ವೇರಿಯಬಲ್ ಮುಟ್ಟಬೇಕಾದ್ರೆ ವಾರ್ ಅಂತ ಬರೆದು ಆಶ್ಚರ್ಯಸೂಚಕ ಚಿಹ್ನೆ ಹಾಕಬೇಕು.

ಕ್ಲೋಜರ್: ನಡುದಾರಿ. ಬ್ಯಾಕ್‌ಟಿಕ್ ಒಳಗೆ ಲೆಟ್‌ನಲ್ಲಿ ಸುಮ್ನೆ "ಬೆಲೆ" ಅಂತ ಬರೆದ್ರೆ ಅದಕ್ಕೂ ನೇಮ್‌ಸ್ಪೇಸ್ ಅಂಟುತ್ತೆ. ವಿಳಾಸ ಇರೋ ಹೆಸರನ್ನ ಲೆಟ್ ಒಪ್ಪಲ್ಲ, ಕೋಡು ಕಂಪೈಲ್ ಆಗೋದೇ ಇಲ್ಲ. ಅಂದ್ರೆ ಭಾಗ 2ರ ತಪ್ಪನ್ನ ಬ್ಯಾಕ್‌ಟಿಕ್ ಒಳಗೆ ಅಚಾನಕ್ ಮಾಡೋದು ಕಷ್ಟ. ಹೆಸರಿನ ಕೊನೆಗೆ # ಹಾಕಿದ್ರೆ, ಅಂದ್ರೆ ಬೆಲೆ# ಅಂತ ಬರೆದ್ರೆ, ರೀಡರ್ ಅದಕ್ಕೊಂದು ಹೊಸ ಸಂಖ್ಯೆ ಸೇರಿಸಿ ಬೇರೆ ಹೆಸರು ಮಾಡ್ಕೊಡುತ್ತೆ. ಕ್ಲೋಜರ್‌ನ ಸ್ವಂತ ಆರ್ ಮ್ಯಾಕ್ರೋ ಒಳಗೂ ಆರ್# ಅಂತಲೇ ಇದೆ.

ಕಲಿಯೋರಿಗೆ ಈ ನಡುದಾರಿಯೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಎಲ್ಲಾ ತಾನಾಗೇ ಆದ್ರೆ ಒಳಗೆ ಏನು ನಡೀತಿದೆ ಅಂತ ಯಾರೂ ಕೇಳಲ್ಲ. ಏನೂ ಆಗದಿದ್ರೆ ಕೋಡು ಓಡ್ತಿದೆ ಅನ್ನೋ ಭ್ರಮೆಯಲ್ಲೇ ಇರ್ತೀವಿ. ಇದು ದಾರಿಗೆ ಅಡ್ಡ ನಿಂತು, ಈ ಹೆಸರು ಯಾರದ್ದು ಅಂತ ಕೇಳುತ್ತೆ.

ಭಾಗ 6/8 • # ಹಾಕಿದ್ರೆ ಮುಗೀತಾ?

ಬಹಳ ಟ್ಯುಟೋರಿಯಲ್‌ಗಳು ಇಲ್ಲಿಗೇ ನಿಲ್ತವೆ: "# ಹಾಕಿ, ನಿಶ್ಚಿಂತೆಯಾಗಿರಿ." ನನ್ನ ನಿಜವಾದ ತಕರಾರು ಈ ಮಾತಿನ ಮೇಲೇ.

ಸಂಖ್ಯೆ ಸೇರೋದು ಯಾವಾಗ? ಮ್ಯಾಕ್ರೋ ಓಡೋವಾಗ ಅಲ್ಲ. ರೀಡರ್ ನಿಮ್ಮ ಫೈಲ್ ಓದೋವಾಗ, ಒಂದೇ ಒಂದು ಸಲ. ಆಮೇಲೆ ಆ ಮ್ಯಾಕ್ರೋನ ನೂರು ಸಲ ಬಳಸಿದ್ರೂ ನೂರು ಕಡೆಗೂ ಅದೇ ಹೆಸರು ಬರುತ್ತೆ.

ಇದು ಯಾವಾಗ ಕಚ್ಚುತ್ತೆ? ಒಂದು ಮ್ಯಾಕ್ರೋ ಮಾಡೋಣ, ಹೆಸರು ದೊಡ್ಡದು. ಕೊಟ್ಟ ಸಂಖ್ಯೆಗಳಲ್ಲಿ ದೊಡ್ಡದನ್ನ ಹೇಳಬೇಕು. ಒಂದೇ ಇದ್ರೆ ಅದನ್ನೇ ಕೊಡು. ಜಾಸ್ತಿ ಇದ್ರೆ ಮೊದಲೆರಡನ್ನ ಹೋಲಿಸಿ, ಗೆದ್ದದ್ದನ್ನ ಮಿಕ್ಕವುಗಳ ಜೊತೆ ಮತ್ತೆ ದೊಡ್ಡದು ಮ್ಯಾಕ್ರೋಗೇ ಕೊಡು:

`(ಲೆಟ್ [ವೈ# ~ಬ  ಎಕ್ಸ್# ~ಅ]
  (ದೊಡ್ಡದು (ಇಫ್ (> ಎಕ್ಸ್# ವೈ#) ಎಕ್ಸ್# ವೈ#) ~@ಮಿಕ್ಕದ್ದು))

# ಇದೆ, ಬ್ಯಾಕ್‌ಟಿಕ್ ಇದೆ, ನೋಡೋಕೆ ಅಚ್ಚುಕಟ್ಟು. (ದೊಡ್ಡದು 1 9) ಕೇಳಿದ್ರೆ 9. ಸರಿ. ಈಗ (ದೊಡ್ಡದು 1 9 5) ಕೇಳಿ. ಪೆನ್ನು ತಗೊಂಡು ನೀವೂ ಹಾಕಿ.

ಮೊದಲ ಸುತ್ತು: ವೈ 9, ಎಕ್ಸ್ 1. ಎರಡನೇ ಸುತ್ತಿಗೆ ಹೋಗೋದು 9 ಅನ್ನೋ ಬೆಲೆ ಅಲ್ಲ, "ಎಕ್ಸ್ ದೊಡ್ಡದಾದ್ರೆ ಎಕ್ಸ್, ಇಲ್ಲಾಂದ್ರೆ ವೈ" ಅನ್ನೋ ಕೋಡು. ಮ್ಯಾಕ್ರೋಗೆ ಸಿಗೋದು ಯಾವಾಗಲೂ ಕೋಡೇ ಅಂತ ಭಾಗ 1ರಲ್ಲೇ ಹೇಳಿದೀನಿ.

ಎರಡನೇ ಸುತ್ತು: ಮೊದಲು ವೈ ಕಟ್ಟುತ್ತೆ, ಬೆಲೆ 5. ಹೆಸರು ಅದೇ ಆದ್ರಿಂದ ಹಳೇ 9 ಮರೆಯಾಯ್ತು. ಆಮೇಲೆ ಎಕ್ಸ್ ಕಟ್ಟೋಕೆ ಆ ಕೋಡು ಓಡುತ್ತೆ. 1 ದೊಡ್ಡದಾ 5 ದೊಡ್ಡದಾ? 5. ಕೊನೆಗೆ ಉತ್ತರ 5.

ಒಂಬತ್ತಕ್ಕಿಂತ ಐದು ದೊಡ್ಡದು ಅಂತ ಕೋಡು ಸದ್ದಿಲ್ಲದೆ ಹೇಳ್ತು!

1986ರ ಪ್ರಬಂಧದ ಸಾಲು ನೆನಪಿದೆಯಾ? ಒಂದು ಸುತ್ತಲ್ಲಿ ಹುಟ್ಟಿದ್ದು ಇನ್ನೊಂದು ಸುತ್ತಿನದ್ದನ್ನ ಕಟ್ಟಬಾರದು ಅಂತ. ಇಲ್ಲಿ ಮುರಿದದ್ದು ಅದೇ. ಮದ್ದು: # ಬಿಟ್ಟು, ಬ್ಯಾಕ್‌ಟಿಕ್ ಹೊರಗಡೆ, ಮ್ಯಾಕ್ರೋ ಒಳಗೆ ಜೆನ್‌ಸಿಮ್ ಅನ್ನ ನೀವೇ ಕರೆದು ಎರಡು ಹೆಸರು ತಗೊಂಡು, ~ ಹಾಕಿ ಒಳಗೆ ಸೇರಿಸಿ. ಆಗ ಪ್ರತಿ ಸುತ್ತಿಗೂ ಹೊಸ ಹೆಸರು, ಉತ್ತರ 9.

ಹಾಗಾದ್ರೆ ಕ್ಲೋಜರ್‌ನ ಆರ್ ಯಾಕೆ ಕೆಡಲ್ಲ? ಅದೂ ತನ್ನನ್ನೇ ಕರೆಯುತ್ತೆ, ಅದಕ್ಕೂ ಪ್ರತಿ ಸುತ್ತಲ್ಲಿ ಒಂದೇ ಹೆಸರು. ಆದ್ರೆ ತನ್ನ ತಾತ್ಕಾಲಿಕ ಹೆಸರನ್ನ ಅದು ಮುಂದಿನ ಸುತ್ತಿಗೆ ದಾಟಿಸಲ್ಲ. ಅದಕ್ಕೇ ಬದುಕಿದೆ. # ತಪ್ಪು ಅಂತ ನಾನು ಹೇಳ್ತಿಲ್ಲ. ಅದು ಎಷ್ಟು ಕಾಪಾಡುತ್ತೆ ಅನ್ನೋದನ್ನ ತಿಳ್ಕೊಂಡು ಬಳಸಿ ಅಂತ ಹೇಳ್ತಿದೀನಿ.

ಭಾಗ 7/8 • ಬೇಕಂತಲೇ ಹಿಡಿದ್ರೆ?

ಇನ್ನೊಂದು ಪಂಗಡ ಇದೆ. "ಶುಚಿ ಶುಚಿ ಅಂತ ಕೈ ಕಟ್ಟಿಹಾಕ್ತೀರಿ, ಮ್ಯಾಕ್ರೋ ಮಜಾ ಇರೋದೇ ಹೆಸರು ಹಿಡಿಯೋದ್ರಲ್ಲಿ" ಅಂತಾರೆ. ಅವರ ಮಾತನ್ನೂ ಕೇಳೋಣ, ಅದರಲ್ಲಿ ಸತ್ಯ ಇದೆ.

ಪಾಲ್ ಗ್ರಹಾಂ 1993ರ ಆನ್ ಲಿಸ್ಪ್ ಪುಸ್ತಕದಲ್ಲಿ ಅನಾಫೊರಿಕ್ ಮ್ಯಾಕ್ರೋ ಅಂತ ಒಂದು ಅಧ್ಯಾಯವನ್ನೇ ಇಟ್ಟಿದ್ದಾರೆ. ಅದರ ಐಫ್ ಥರದ ಮ್ಯಾಕ್ರೋದಲ್ಲಿ ಷರತ್ತಿನ ಫಲಿತಾಂಶ "ಇಟ್" ಅನ್ನೋ ಹೆಸರಲ್ಲಿ ನಿಮಗೆ ಸಿಗುತ್ತೆ. ನೀವು ಕಟ್ಟಿಲ್ಲ, ಮ್ಯಾಕ್ರೋ ಕಟ್ಟಿಕೊಟ್ಟಿದೆ. ನಾವು ಮಾತಾಡೋವಾಗ "ಅದು" ಅಂದ್ರೆ ಈಗಷ್ಟೇ ಹೇಳಿದ್ದು ಅಂತ ಅರ್ಥ ಆಗುತ್ತಲ್ಲ, ಹಾಗೆ. ಕ್ಲೋಜರ್‌ನಲ್ಲೂ ಇದು ಆಗುತ್ತೆ. ಬ್ಯಾಕ್‌ಟಿಕ್ ಒಳಗೆ ~ ಮತ್ತೆ ' ಎರಡನ್ನೂ ಸೇರಿಸಿ ಹೆಸರು ಬರೆದ್ರೆ ವಿಳಾಸ ಅಂಟಲ್ಲ, ಬರೀ ಹೆಸರು ಹಾಗೇ ಹೋಗುತ್ತೆ.

ನನ್ನ ವಿರೋಧ ಹಿಡಿಯೋದಕ್ಕಲ್ಲ, ಕದ್ದು ಹಿಡಿಯೋದಕ್ಕೆ. ಆ ಎರಡು ಚಿಹ್ನೆ ಒಟ್ಟಿಗೆ ಕಂಡ್ರೆ ಓದೋರಿಗೆ ಗೊತ್ತಾಗುತ್ತೆ, ಇಲ್ಲಿ ಬೇಕಂತಲೇ ಬೇಲಿ ದಾಟಿದ್ದಾರೆ ಅಂತ. ಎಲಿಕ್ಸರ್‌ನ ಆಶ್ಚರ್ಯಸೂಚಕವೂ ಅಷ್ಟೇ. ಆದ್ರೆ ಈ ಗುರುತು ಕಾಣೋದು ಮ್ಯಾಕ್ರೋದ ಕೋಡು ಓದೋರಿಗೆ ಮಾತ್ರ. ಬಳಸೋರು ಅದನ್ನ ತೆರೆದೇ ನೋಡಲ್ಲ. ಹಾಗಾಗಿ ಡಾಕ್‌ಸ್ಟ್ರಿಂಗ್‌ನ ಮೊದಲ ಸಾಲಲ್ಲೇ "ಇದು ಇಟ್ ಅನ್ನೋ ಹೆಸರು ಕಟ್ಟುತ್ತೆ" ಅಂತ ಬರೀರಿ. ಇನ್ನೂ ಒಳ್ಳೇದು ಅಂದ್ರೆ ಹೆಸರನ್ನ ಬಳಸೋರಿಂದಲೇ ಕೇಳಿ ತಗೊಳ್ಳೋದು. ಕ್ಲೋಜರ್‌ನ ಇಫ್-ಲೆಟ್ ಹಾಗೇ ಮಾಡುತ್ತೆ. ಚೌಕ ಆವರಣದಲ್ಲಿ ಹೆಸರು ಕೊಡೋರು ನೀವೇ. ಒಂದಕ್ಷರ ಜಾಸ್ತಿ ಟೈಪ್ ಆಗುತ್ತೆ, ಒಂದು ರಾತ್ರಿ ನಿದ್ದೆ ಉಳಿಯುತ್ತೆ.

ಭಾಗ 8/8 • ಹಾಗಾದ್ರೆ ಏನ್ ಮಾಡೋಣ?

ಸೇವ್ ಮಾಡ್ಕೊಳ್ಳಿ, ಪ್ರಾಜೆಕ್ಟ್ ದಿನ ಬೇಕಾಗುತ್ತೆ 📌

1. ಮೊದಲು ಫಂಕ್ಷನ್ ಸಾಕಾ ನೋಡಿ. ಭಾಗ 6ರ ದೊಡ್ಡದು ನಿಜಕ್ಕೂ ಮ್ಯಾಕ್ರೋ ಆಗೋ ಅಗತ್ಯವೇ ಇಲ್ಲ. ಕ್ಲೋಜರ್‌ನ ಮ್ಯಾಕ್ಸ್ ಒಂದು ಫಂಕ್ಷನ್. ಫಂಕ್ಷನ್‌ಗೆ ಬೆಲೆ ಹೋಗುತ್ತೆ, ಹೆಸರಿನ ಜಗಳವೇ ಹುಟ್ಟಲ್ಲ.

2. ಮ್ಯಾಕ್ರೋ ಬೇಕೇ ಬೇಕಾದ್ರೆ ತೆಳ್ಳಗಿಡಿ. ನನ್ನ-ಆರ್ ಮ್ಯಾಕ್ರೋ ಮಾಡಬೇಕಾದ್ದು ಇಷ್ಟೇ: "ಬ" ಅನ್ನ ಖಾಲಿ ಆವರಣದ ಎಫ್‌ಎನ್ ಒಳಗೆ ಸುತ್ತಿ, ಒಂದು ಮಾಮೂಲಿ ಫಂಕ್ಷನ್ ಕೈಗೆ ಕೊಡೋದು. ಹೋಲಿಕೆ, ತಾತ್ಕಾಲಿಕ ಹೆಸರು ಎಲ್ಲ ಆ ಫಂಕ್ಷನ್ ಒಳಗಿರಲಿ. ಆಗ ಮ್ಯಾಕ್ರೋದಲ್ಲಿ ಹೊಸ ಹೆಸರೇ ಇಲ್ಲ, ಹಿಡಿಯೋಕೆ ಏನೂ ಇಲ್ಲ. ಒಂದು ಎಚ್ಚರಿಕೆ: ಬಳಸೋರು ಆ ಜಾಗದಲ್ಲಿ ಹೊರಗಿನ ಲೂಪಿಗೆ ಹೋಗೋ ರಿಕರ್ ಹಾಕಿದ್ರೆ ಈ ದಾರಿ ನಡೆಯಲ್ಲ, ರಿಕರ್ ಎಫ್‌ಎನ್ ಗೋಡೆ ದಾಟಲ್ಲ.

3. ಕೋಡು ಕಟ್ಟೋಕೆ ಬ್ಯಾಕ್‌ಟಿಕ್ಕೇ ಬಳಸಿ. ಕೈಯಾರೆ ಪಟ್ಟಿ ಜೋಡಿಸಿದ್ರೆ ವಿಳಾಸ ಅಂಟಲ್ಲ.

4. ತಾತ್ಕಾಲಿಕ ಹೆಸರಿಗೆ # ಹಾಕಿ. ಒಂದೇ ಹೆಸರು ಎರಡು ಬೇರೆ ಬ್ಯಾಕ್‌ಟಿಕ್‌ಗಳಲ್ಲಿ ಬೇಕಾದ್ರೆ, ಅಥವಾ ಮ್ಯಾಕ್ರೋ ತನ್ನ ಹೆಸರನ್ನ ತನಗೇ ದಾಟಿಸೋದಾದ್ರೆ, # ಸಾಲದು. ಜೆನ್‌ಸಿಮ್ ನೀವೇ ಕರೀರಿ.

5. ಮ್ಯಾಕ್ರೋಎಕ್ಸ್‌ಪ್ಯಾಂಡ್-1 ಹಾಕಿ ಹೊರಬಂದ ಕೋಡನ್ನ ಕಣ್ಣಿಂದ ಓದಿ. ಪ್ರತಿ ಹೆಸರಿನ ಮೇಲೆ ಬೆರಳಿಟ್ಟು ಕೇಳಿ: ಇದು ಯಾರದ್ದು? ನನ್ನದಾ, ಬಳಸೋರದ್ದಾ, ಭಾಷೆಯದ್ದಾ?

6. ಟೆಸ್ಟ್ ಬರೆಯೋವಾಗ ಒಳ್ಳೇ ಹುಡುಗರ ಥರ ಬರೀಬೇಡಿ. ಮ್ಯಾಕ್ರೋ ಒಳಗಿರೋ ಹೆಸರನ್ನೇ ವೇರಿಯಬಲ್ಲಾಗಿ ಇಟ್ಟು ಬಳಸಿ. ಮ್ಯಾಕ್ರೋ ಒಳಗೆ ಅದೇ ಮ್ಯಾಕ್ರೋ ಹಾಕಿ. ಎರಡರ ಬದಲು ಮೂರು ಸಂಖ್ಯೆ ಕೊಡಿ.

"ನಾವಿನ್ನೂ ಸ್ಟೂಡೆಂಟ್ಸು, ಮ್ಯಾಕ್ರೋ ಬರೆಯೋ ಕಾಲ ಎಲ್ಲಿ ಬಂತು" ಅನ್ನೋರಿಗೆ ಒಂದು ಮಾತು. ನೀವು ಬರೆಯದಿದ್ರೂ ದಿನಾ ಬಳಸ್ತೀರಿ. ನಿಮ್ಮ ಸಾಲು ನೂರಕ್ಕೆ ನೂರು ಸರಿ ಇದ್ದು, ಉತ್ತರ ಮಾತ್ರ ತಪ್ಪು ಬಂದಾಗ "ನನಗೇ ಬರಲ್ಲ" ಅಂತ ಕುಗ್ಗೋ ಮೊದಲು ಮ್ಯಾಕ್ರೋ ಬಿಚ್ಚಿ ನೋಡೋದು ಗೊತ್ತಿರಬೇಕು. ಮುಂದೆ ನೀವು ಬರೆದಾಗ, ನಿಮ್ಮ ಕೋಡು ನಂಬಿದ ಇನ್ನೊಬ್ಬರು ಅದೇ ಹಾಗೆ ಕುಗ್ಗದ ಹಾಗೆ ನೋಡ್ಕೊಳ್ಳಬೇಕಾದ್ದೂ ನೀವೇ.

ಭಾಗ 6ರ ಲೆಕ್ಕವನ್ನ (ದೊಡ್ಡದು 4 2 7 3) ಗೆ ಹಾಕಿ ನೋಡಿ. # ಜೊತೆ ಎಷ್ಟು ಬಂತು, ಜೆನ್‌ಸಿಮ್ ಜೊತೆ ಎಷ್ಟು ಬಂತು ಅಂತ ಕಾಮೆಂಟ್ ಹಾಕಿ. ಎರಡೂ ಒಂದೇ ಬಂದ್ರೆ "ಹಾಗಾದ್ರೆ # ಸಾಕು" ಅಂತ ನಿರ್ಧಾರ ಮಾಡೋ ಮೊದಲು ಸಂಖ್ಯೆಗಳ ಜಾಗ ಬದಲಿಸಿ ಇನ್ನೊಂದ್ಸಲ ಓಡಿಸಿ. ಒಂದು ಟೆಸ್ಟ್ ಪಾಸ್ ಆಗೋದೂ ಒಂದೊಂದ್ಸಲ ಬರೀ ಅದೃಷ್ಟವೇ.

#ಕನ್ನಡದಲ್ಲಿಕೋಡಿಂಗ್ #ಕ್ಲೋಜರ್ #ಮ್ಯಾಕ್ರೋ #ಹೆಸರುಯಾರದ್ದು